ಬಡಪಾಯಿ ಶತ್ರುವಿಗೆ ಒಲಿದ ಪಟ್ಟ

ವಿಡಿಯೊ ಗೇಮುಗಳ ಲೋಕದಲ್ಲಿ ಒಂದು ಸರಣಿಯ ಮುಖವಾಗಿ ನಿಲ್ಲುವ ಗೌರವ ಸಾಮಾನ್ಯವಾಗಿ ಆ ಆಟದ ನಾಯಕನ ಪಾಲಾಗುತ್ತದೆ. ನಿಂಟೆಂಡೊ ಎಂದರೆ ಮೀಸೆಯ ಮಾರಿಯೊ, ಸೆಗಾ ಎಂದರೆ ನೀಲಿ ಮುಳ್ಳಿಲಿ ಸಾನಿಕ್ ಎಂದು ಆಟಗಾರರ ಮನಸ್ಸಿನಲ್ಲಿ ಅಚ್ಚೊತ್ತಿರುವುದು ಈ ರೂಢಿಯಿಂದಲೇ. ಆದರೆ 1986ರ ಮೇ 27ರಂದು ಜಪಾನಿನ ಎನಿಕ್ಸ್ ಕಂಪನಿ ಬಿಡುಗಡೆ ಮಾಡಿದ ‘ಡ್ರ್ಯಾಗನ್ ಕ್ವೆಸ್ಟ್’ ಹಾಗೂ ಅದರ ಬೆನ್ನಿಗೆ ಬಂದ ಆಟಗಳ ವಿಷಯದಲ್ಲಿ ಈ ರೂಢಿ ತಲೆಕೆಳಗಾಯಿತು. ಅಲ್ಲಿ ಲಾಂಛನವಾಗಿ ನಿಂತದ್ದು ಲೋಕವನ್ನು ಕಾಪಾಡುವ ವೀರನೂ ಅಲ್ಲ, ಶೀರ್ಷಿಕೆಯಲ್ಲೇ ಹೆಸರು ಪಡೆದ ಡ್ರ್ಯಾಗನ್ನೂ ಅಲ್ಲ. ಕೋಟೆಯ ಬಾಗಿಲು ದಾಟಿದ ಕೂಡಲೇ ಎದುರಾಗಿ, ಎರಡು ಮೂರು ಏಟಿಗೆ ಇಲ್ಲವಾಗುವ, ಇಡೀ ಆಟದಲ್ಲೇ ಅತ್ಯಂತ ಕೈಲಾಗದ ಶತ್ರು. ಹನಿಯ ಆಕಾರ, ನೀಲಿ ಮೈ, ದುಂಡು ಕಣ್ಣು, ಕಿವಿಯಿಂದ ಕಿವಿಗೆ ಎನ್ನಬಹುದಾದಷ್ಟು ಅಗಲದ ಕೆಂಪು ನಗು, ಆದರೆ ಕಿವಿಯೂ ಇಲ್ಲ, ಕೈಕಾಲೂ ಇಲ್ಲ: ಇದು ಸ್ಲೈಮ್. ಹೆಸರಿನ ಅರ್ಥ ಲೋಳೆ ಎಂದು.

ಒಂದು ತಂಡವನ್ನೋ ಸಂಸ್ಥೆಯನ್ನೋ ಉತ್ಸವವನ್ನೋ ಜನರ ಕಣ್ಣಿಗೆ ಕಟ್ಟುವಂತೆ ಪ್ರತಿನಿಧಿಸುವ, ಶುಭಸೂಚಕವೆಂದು ಎಲ್ಲರೂ ಒಪ್ಪಿಕೊಂಡ ಜೀವಿಯನ್ನು ಮ್ಯಾಸ್ಕಾಟ್ ಎನ್ನುತ್ತಾರೆ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಅಪ್ಪು ಎಂಬ ಆನೆಮರಿ ನಮ್ಮ ದೇಶದ ಹಳೆಯ ತಲೆಮಾರಿಗೆ ನೆನಪಿರುವ ಅಂಥದೊಂದು ಮ್ಯಾಸ್ಕಾಟ್. ಅಪ್ಪುವನ್ನು ಆ ಕೆಲಸಕ್ಕೆಂದೇ ರೂಪಿಸಲಾಗಿತ್ತು. ಸ್ಲೈಮ್‌ನ ಸಂಗತಿ ಹಾಗಲ್ಲ. ಅದನ್ನು ರೂಪಿಸಿದ್ದು ಆಟದೊಳಗಿನ ಒಂದು ಸಣ್ಣ ಕೆಲಸಕ್ಕೆ, ಮತ್ತು ಆ ಕೆಲಸವನ್ನು ಅದು ಎಷ್ಟು ಚೆನ್ನಾಗಿ ಮಾಡಿತೆಂದರೆ ಆಟವಾಡಿದವರು ತಾವಾಗಿಯೇ ಅದನ್ನು ಎತ್ತಿಕೊಂಡು ಮುಂದಿನ ಸಾಲಿಗೆ ತಂದು ಕೂರಿಸಿದರು. ಸರಣಿಯ ನಾಯಕರು ಆಟದಿಂದ ಆಟಕ್ಕೆ ಬದಲಾಗುತ್ತಾರೆ, ಮಾತನ್ನೂ ಆಡುವುದಿಲ್ಲ, ಅವರಿಗೆ ಹೆಸರಿಡುವುದು ಆಟಗಾರನ ಪಾಲಿನ ಕೆಲಸ. ನಾಯಕನೆಂದರೆ ಆಟಗಾರನೇ ಎಂಬ ಭಾವ ಮೂಡಲೆಂದು ಮಾಡಿದ ಈ ಏರ್ಪಾಟಿನಿಂದಾಗಿ ಸರಣಿಗೆ ಒಂದು ಸ್ಥಿರವಾದ ಮುಖವೇ ಇಲ್ಲದಂತಾಯಿತು. ಆ ಖಾಲಿ ಜಾಗವನ್ನು ತುಂಬುವ ಅರ್ಹತೆ ಇದ್ದದ್ದು ಪ್ರತಿ ಆಟದಲ್ಲೂ ತಪ್ಪದೆ ಹಾಜರಾಗುತ್ತಿದ್ದ ಜೀವಿಗೆ ಮಾತ್ರ.

ಲೋಳೆಯ ರಾಕ್ಷಸ ಜಪಾನಿನಲ್ಲಿ ಹುಟ್ಟಿದ್ದಲ್ಲ. ಹಲವರು ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸಿ, ಮಾತಿನಲ್ಲೇ ಕತೆ ಕಟ್ಟುತ್ತಾ ಹೋಗುವ ಪಾತ್ರಧಾರಣೆಯ ಆಟಗಳಲ್ಲಿ ಮೊದಲನೆಯದಾದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದಾಗ ಅದರ ನೆಲಮಾಳಿಗೆಗಳಲ್ಲಿ ಹಸಿರು ಲೋಳೆ, ಬೂದು ಲೋಳೆ, ಕಪ್ಪು ಮುದ್ದೆ ಇತ್ಯಾದಿ ಆಕಾರಗೆಟ್ಟ ಜೀವಿಗಳು ಹೊಂಚು ಹಾಕಿ ಕುಳಿತಿದ್ದವು. ಅವು ಭಯಂಕರವಾದವು, ಸೂರಿನಿಂದ ತೊಟ್ಟಿಕ್ಕಿ ಮೈಮೇಲೆ ಬಿದ್ದರೆ ಕಬ್ಬಿಣವನ್ನೂ ಮಾಂಸವನ್ನೂ ಕರಗಿಸಿಬಿಡುವಂಥವು, ಹಸಿರು ಲೋಳೆಯಂತೂ ತಾಗಿದ ಮನುಷ್ಯನನ್ನೇ ತನ್ನಂತೆ ಲೋಳೆಯಾಗಿಸುವಂಥದು. ಮುಖವಿಲ್ಲದ, ಮಾತಿಗೆ ಬಗ್ಗದ, ಎಲ್ಲಿ ಹೊಡೆಯಬೇಕೆಂದೇ ತಿಳಿಯದ ಜೀವಿಯೊಂದರ ಬಗ್ಗೆ ಮನುಷ್ಯನಿಗಿರುವ ಅಸಹ್ಯ ಮತ್ತು ದಿಗಿಲು ಅಲ್ಲಿ ಪೂರ್ತಿಯಾಗಿ ಬಳಕೆಯಾಗಿತ್ತು. 1981ರಲ್ಲಿ ಆ್ಯಪಲ್ ಕಂಪ್ಯೂಟರಿಗೆ ಬಂದ ‘ವಿಝರ್ಡ್ರಿ’ ಎಂಬ ಆಟ ಈ ಪರಂಪರೆಯನ್ನು ಪರದೆಯ ಮೇಲೆ ತಂದಿತು. ಅಷ್ಟರಲ್ಲಿ ಗುಳ್ಳೆಗುಳ್ಳೆಯ ಲೋಳೆಯೊಂದು ಆರಂಭದ ಸುಲಭದ ಶತ್ರುಗಳ ಸಾಲಿಗೆ ಇಳಿದಿತ್ತು. ಜಪಾನಿನ ಆಟಗಳಲ್ಲೂ, ಉದಾಹರಣೆಗೆ ನಾಮ್ಕೊ ಕಂಪನಿಯ 1984ರ ‘ಟವರ್ ಆಫ್ ಡ್ರುವಾಗಾ’ದಲ್ಲಿ, ಲೋಳೆಗೆ ಬಡ ಶತ್ರುವಿನ ಸ್ಥಾನವೇ ಸಿಕ್ಕಿತ್ತು. ಹೀಗೆ ಅದರ ಬಲ ಮೊದಲೇ ಕುಗ್ಗಿತ್ತು. ಮುಖ ಮಾತ್ರ ಇನ್ನೂ ಬಂದಿರಲಿಲ್ಲ.

ಮುಖ ಬಂದ ಬಗೆಯನ್ನು ಅರಿಯಬೇಕಾದರೆ ಯೂಜಿ ಹೊರಿಯಿ ಎಂಬ ವ್ಯಕ್ತಿಯ ಉದ್ದೇಶವೇನಿತ್ತೆಂದು ನೋಡಬೇಕು. ಅವಾಜಿ ದ್ವೀಪದಲ್ಲಿ 1954ರಲ್ಲಿ ಹುಟ್ಟಿದ ಹೊರಿಯಿ ಪತ್ರಿಕೆಗಳಿಗೆ ಬರೆಯುತ್ತಿದ್ದ ಲೇಖಕ. ಎನಿಕ್ಸ್ ಕಂಪನಿ ನಡೆಸಿದ ಪ್ರೋಗ್ರಾಮಿಂಗ್ ಸ್ಪರ್ಧೆಯ ಮೂಲಕ ಆಟಗಳ ರಚನೆಗೆ ಬಂದವರು. ‘ವಿಝರ್ಡ್ರಿ’ ಮತ್ತು ಅದೇ ಕಾಲದ ‘ಅಲ್ಟಿಮಾ’ ಅವರನ್ನು ಆವರಿಸಿಕೊಂಡಿದ್ದವು, ಆದರೆ ಅವೆರಡೂ ದುಬಾರಿ ಕಂಪ್ಯೂಟರುಳ್ಳ ಪಳಗಿದ ಆಟಗಾರರಿಗಾಗಿ ಇದ್ದವು. ಅವುಗಳ ಸುಖವನ್ನು ಫ್ಯಾಮಿಕಾಮ್‌ಗೆ, ಎಂದರೆ ಜಪಾನಿನ ಮನೆಮನೆಯ ಟೀವಿಗೆ ಜೋಡಿಸಿ ಮಕ್ಕಳು ಆಡುತ್ತಿದ್ದ ನಿಂಟೆಂಡೊದ ಅಗ್ಗದ ಯಂತ್ರಕ್ಕೆ ತರಬೇಕೆಂಬುದು ಹೊರಿಯಿ ಅವರ ಹಂಬಲ. ಆ ಮಕ್ಕಳಿಗೆ ಪಾತ್ರಧಾರಣೆಯ ಆಟವೆಂದರೇನೆಂದೇ ತಿಳಿದಿರಲಿಲ್ಲ. ಜಿಗಿಯುವುದು, ಗುಂಡು ಹಾರಿಸುವುದು ಬಿಟ್ಟು, ಒಂದು ಆಜ್ಞೆಯನ್ನು ಆರಿಸಿ, ಫಲಿತಾಂಶವನ್ನು ಓದಿ, ಕಾದು, ಕೂಡಿಟ್ಟು ಬೆಳೆಯುವ ಆಟವನ್ನು ಅವರಿಗೆ ಕಲಿಸಬೇಕಿತ್ತು. ಹೊರಿಯಿ ಆಟವನ್ನು ಬೀಗ ಹಾಕಿದ ಅರಮನೆಯ ಕೋಣೆಯಿಂದ ಶುರು ಮಾಡಿದ್ದು ಇದಕ್ಕಾಗಿಯೇ: ಪೆಟ್ಟಿಗೆ ತೆರೆಯುವುದು, ಬಾಗಿಲು ತೆಗೆಯುವುದು, ಮೆಟ್ಟಿಲಿಳಿಯುವುದು ಇವಿಷ್ಟನ್ನು ಕಲಿಯದೆ ಯಾರೂ ಆ ಕೋಣೆಯಿಂದ ಹೊರಬರಲಾರರು. ಕೋಣೆ ಕಲಿಸಿದ್ದು ನಡೆನುಡಿಯನ್ನು. ಕಾದಾಟವನ್ನು ಕಲಿಸಲು ಇನ್ನೊಬ್ಬ ಗುರು ಬೇಕಿತ್ತು, ಕಲಿಯುವವನನ್ನು ಹೆದರಿಸಿ ಓಡಿಸದಂಥ ಗುರು.

ಹೊರಿಯಿ ಆಗ ‘ಶೋನೆನ್ ಜಂಪ್’ ಎಂಬ ಹೆಸರಾಂತ ಕಾಮಿಕ್ಸ್ ವಾರಪತ್ರಿಕೆಗೆ ಆಟಗಳ ಬಗ್ಗೆ ಬರೆಯುತ್ತಿದ್ದರು. ಅದೇ ಪತ್ರಿಕೆಯ ಸಂಪಾದಕ ಕಾಜುಹಿಕೊ ತೊರಿಶಿಮಾ ಅವರ ಮೂಲಕ ಅಕಿರಾ ತೊರಿಯಾಮಾ ಈ ಯೋಜನೆಗೆ ಬಂದರು. ‘ಡಾಕ್ಟರ್ ಸ್ಲಂಪ್’ ಎಂಬ ನಗೆ ಕಾಮಿಕ್ಸ್‌ನಿಂದ ಮನೆಮಾತಾಗಿ, 1984ರಿಂದ ‘ಡ್ರ್ಯಾಗನ್ ಬಾಲ್’ ಬರೆಯುತ್ತಿದ್ದ ತೊರಿಯಾಮಾ ಅವರ ಚಿತ್ರಶೈಲಿ ಕರ್ನಾಟಕದ ಓದುಗರಿಗೂ ಅಪರಿಚಿತವಲ್ಲ. ಕಾರ್ಟೂನ್ ನೆಟ್‌ವರ್ಕ್ ವಾಹಿನಿಯಲ್ಲಿ ‘ಡ್ರ್ಯಾಗನ್ ಬಾಲ್ ಝಡ್’ ನೋಡುತ್ತ ಬೆಳೆದ ತಲೆಮಾರಿಗೆ ಆ ಚೂಪು ಕೂದಲು, ಆ ತುಂಬುಗೆರೆ ಒಮ್ಮೆ ಕಂಡರೆ ಸಾಕು, ಯಾರದೆಂದು ಗೊತ್ತಾಗುತ್ತದೆ. ರಾಕ್ಷಸರ ಚಿತ್ರಗಳಿಗೆ ಹೊರಿಯಿ ತಾವೇ ಒರಟು ನಕ್ಷೆಗಳನ್ನು ಗೀಚಿ ತೊರಿಯಾಮಾ ಅವರಿಗೆ ಕಳಿಸುತ್ತಿದ್ದರು. ಸ್ಲೈಮ್‌ಗಾಗಿ ಅವರು ಗೀಚಿದ್ದು ನೆಲದ ಮೇಲೆ ಹರಡಿ ಬಿದ್ದ, ಹಳೆಯ ಪರಂಪರೆಗೆ ಒಪ್ಪುವಂಥ ಲೋಳೆಯ ಗುಪ್ಪೆಯನ್ನು. ತಿರುಗಿ ಬಂದದ್ದು ತುದಿ ಚೂಪಾದ, ತಳ ದುಂಡಾದ, ನಗುವ ಹನಿ.

ಈ ಚಿತ್ರವನ್ನು ಹತ್ತಿರದಿಂದ ನೋಡುವುದು ಯೋಗ್ಯ. ಹೊರರೇಖೆ ಒಂದೇ ಎಳೆತದಲ್ಲಿ ಮುಗಿಯುತ್ತದೆ. ಪೆನ್ಸಿಲ್ ಹಿಡಿಯಲು ಕಲಿತ ಮಗುವೂ ಅದನ್ನು ನೋಟ್‌ಪುಸ್ತಕದ ಅಂಚಿನಲ್ಲಿ ಬರೆಯಬಲ್ಲದು. ಕಣ್ಣುಗಳು ಎರಡು ಬಿಳಿ ವೃತ್ತ, ನಡುವೆ ಕಪ್ಪು ಚುಕ್ಕೆ, ರೆಪ್ಪೆಯಿಲ್ಲ, ಹುಬ್ಬಿಲ್ಲ. ಹುಬ್ಬು ಇಲ್ಲದಿರುವುದು ಇಲ್ಲಿ ಬಹಳ ಮುಖ್ಯ, ಏಕೆಂದರೆ ಮುಖದಲ್ಲಿ ಸಿಟ್ಟು ತೋರಿಸುವ ಮೊದಲ ಅಂಗವೇ ಹುಬ್ಬು; ಅದನ್ನು ಬಿಟ್ಟುಬಿಟ್ಟ ಮೇಲೆ ಆ ಮುಖಕ್ಕೆ ದ್ವೇಷ ಮೂಡಿಸುವ ಸಾಧನವೇ ಉಳಿಯುವುದಿಲ್ಲ. ದೊಡ್ಡ ಕಣ್ಣು, ದುಂಡು ಮೈ, ಕೆಳಭಾಗದಲ್ಲಿ ಕೂತ ಮುಖ ಇವುಗಳನ್ನು ಕಂಡಾಗ ಮನುಷ್ಯರಲ್ಲಿ ಶಿಶುವಿನ ಬಗ್ಗೆ ಹುಟ್ಟುವಂಥ ಅಕ್ಕರೆ ತಾನಾಗಿ ಹುಟ್ಟುತ್ತದೆಂದು ಆಸ್ಟ್ರಿಯಾದ ಪ್ರಾಣಿವರ್ತನೆಯ ವಿಜ್ಞಾನಿ ಕಾನ್ರಾಡ್ ಲಾರೆನ್ಝ್ 1943ರಲ್ಲಿ ವಾದಿಸಿದ್ದರು. ಸ್ಲೈಮ್ ಆ ವಾದಕ್ಕೆ ಬರೆದ ಉದಾಹರಣೆಯಂತಿದೆ. ಆದರೂ ಅದು ಬರೀ ಮುದ್ದುಮುಖವಲ್ಲ. ಬಿಟ್ಟಗಣ್ಣು ಮತ್ತು ಅಗಲ ಬಾಯಿ ಎರಡೂ ಸೇರಿದಾಗ ಅದು ಏನು ಯೋಚಿಸುತ್ತಿದೆಯೆಂದು ಹೇಳಲಾಗದ ಒಂದು ಸಣ್ಣ ವಿಚಿತ್ರ ಅಲ್ಲಿ ಉಳಿದಿದೆ, ಮತ್ತು ಆ ವಿಚಿತ್ರವೇ ಅದನ್ನು ಸಿಹಿತಿಂಡಿಯ ಡಬ್ಬಿಯ ಮೇಲಿನ ಸಾವಿರ ಮುದ್ದುಮುಖಗಳಿಂದ ಬೇರ್ಪಡಿಸಿ ಕಾಪಾಡಿದೆ. ‘ಡಾಕ್ಟರ್ ಸ್ಲಂಪ್’ನಲ್ಲಿ ಸೂರ್ಯನಿಗೂ ಬೆಟ್ಟಕ್ಕೂ ಮುಖವಿಟ್ಟಿದ್ದ ಕಲಾವಿದನಿಗೆ ಲೋಳೆಗೂ ಒಂದು ಮುಖವಿಡುವುದು ಸಹಜವಾಗಿಯೇ ತೋರಿರಬೇಕು.

ಯಂತ್ರದ ಬಡತನವೂ ಈ ಚಿತ್ರಕ್ಕೆ ನೆರವಾಯಿತು. ಮೊದಲ ‘ಡ್ರ್ಯಾಗನ್ ಕ್ವೆಸ್ಟ್’ನ ಇಡೀ ಲೋಕ, ಎಂದರೆ ಅದರ ನಕ್ಷೆ, ಊರುಗಳು, ಮಾತುಕತೆ, ಸಂಗೀತ, ರಾಕ್ಷಸರು ಎಲ್ಲವೂ 64 ಕಿಲೋಬೈಟ್ ಜಾಗದಲ್ಲಿ ಅಡಗಬೇಕಿತ್ತು, ಇಂದು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೊಗೆ ಅದರ ಎಷ್ಟೋ ಪಾಲು ಹೆಚ್ಚು ಜಾಗ ಬೇಕು. ಜಾಗ ಉಳಿಸಲು ಜಪಾನಿ ಲಿಪಿಗಳಲ್ಲೊಂದಾದ, ವಿದೇಶಿ ಹೆಸರುಗಳನ್ನು ಬರೆಯಲು ಬಳಸುವ ಕತಕಾನಾದ ಅಕ್ಷರಗಳ ಪೈಕಿ ಕೇವಲ 20ನ್ನು ಇಟ್ಟುಕೊಂಡು ಉಳಿದವನ್ನು ಕೈಬಿಡಲಾಯಿತು, ಮತ್ತು ರಾಕ್ಷಸರ, ಊರುಗಳ, ಮಂತ್ರಗಳ ಹೆಸರುಗಳೆಲ್ಲ ಆ 20ರೊಳಗೇ ಹುಟ್ಟಬೇಕಾಯಿತು. ಚಿತ್ರಗಳಿಗೂ ಇದೇ ಕಟ್ಟು. ಒಂದೇ ಚಿತ್ರಕ್ಕೆ ಬೇರೆ ಬಣ್ಣ ಬಳಿದರೆ ಹೊಸ ಚಿತ್ರದ ಜಾಗ ಉಳಿಯುತ್ತದೆ. ಹೀಗೆ ನೀಲಿ ಸ್ಲೈಮ್‌ನ ಪಕ್ಕದಲ್ಲಿ ಕೆಂಬಣ್ಣದ ಸ್ಲೈಮ್‌ಬೆಸ್ ಬಂತು, ಲೋಹದ ಬಣ್ಣದ ಮೆಟಲ್ ಸ್ಲೈಮ್ ಬಂತು. ಜಿಪುಣತನದಿಂದ ಹುಟ್ಟಿದ ಈ ಇಬ್ಬರು ಸೋದರರೇ ಮುಂದೆ ನೂರಾರು ಬಗೆಯ ಸ್ಲೈಮ್‌ಗಳ ವಂಶಕ್ಕೆ ದಾರಿ ತೆರೆದದ್ದು. ಶತ್ರುಗಳ ಚಿತ್ರಗಳು ಅಲುಗಾಡುತ್ತಲೂ ಇರಲಿಲ್ಲ. ಅವು ಚಲಿಸತೊಡಗಿದ್ದು 1995ರ ಆರನೆಯ ಆಟದಲ್ಲಿ. ಆದ್ದರಿಂದ ಮೊದಲ ಒಂಬತ್ತು ವರ್ಷ ಸ್ಲೈಮ್ ಎದುರಾದಾಗಲೂ ನಗುತ್ತಿತ್ತು, ಮೇಲೆ ಬಿದ್ದಾಗಲೂ ನಗುತ್ತಿತ್ತು, ಏಟು ತಿಂದಾಗಲೂ ನಗುತ್ತಿತ್ತು, ಪರದೆಯಿಂದ ಅಳಿಸಿಹೋಗುವ ಕ್ಷಣದಲ್ಲೂ ಅದೇ ನಗು. ಯಾವ ಲೇಖಕನೂ ಬರೆಯದ ಒಂದು ಸ್ವಭಾವ ಅದಕ್ಕೆ ಹೀಗೆ ಅಂಟಿಕೊಂಡಿತು: ಸೋಲನ್ನು ಮನಸ್ಸಿಗೆ ಹಚ್ಚಿಕೊಳ್ಳದ, ಮತ್ತೆ ಮತ್ತೆ ಅಷ್ಟೇ ಹುರುಪಿನಿಂದ ಎದುರು ಬರುವ ಜೀವಿ.

ಇನ್ನು ಆ ಮೊದಲ ಬಯಲು. ಅರಸ ಕೊಟ್ಟ 120 ಚಿನ್ನದ ನಾಣ್ಯಗಳೊಂದಿಗೆ ಹೊರಬಂದ ಆಟಗಾರ ಪಕ್ಕದ ಊರಿನ ಅಂಗಡಿಯಲ್ಲಿ ಬಿದಿರಿನ ಕೋಲನ್ನೋ ದೊಣ್ಣೆಯನ್ನೋ ಕೊಳ್ಳಬಲ್ಲ, ಒಳ್ಳೆಯ ಕತ್ತಿಯ ಬೆಲೆ ಕೈಗೆ ನಿಲುಕುವುದಿಲ್ಲ. ಕೋಟೆಯ ಹೊರಗೆ ನಿಂತರೆ ನೀರಿನಾಚೆ ಕೊನೆಯ ಶತ್ರುವಾದ ಡ್ರ್ಯಾಗನ್ ಅರಸನ ಕೋಟೆ ಕಣ್ಣಿಗೇ ಕಾಣುತ್ತದೆ, ಆದರೆ ಅಲ್ಲಿಗೆ ಹೋಗಲು ಇಡೀ ಖಂಡವನ್ನು ಸುತ್ತಿ ಬರಬೇಕು. ಬಯಲಿನಲ್ಲಿ ಹೆಜ್ಜೆಯಿಡುತ್ತ ಹೋದಂತೆ ಸಂಗೀತ ಬದಲಾಗಿ ಪರದೆಯ ನಡುವೆ ಕಾದಾಟದ ಚೌಕ ತೆರೆದುಕೊಳ್ಳುತ್ತದೆ, ಅದರೊಳಗೆ ನೀಲಿ ಹನಿ ನಗುತ್ತಿರುತ್ತದೆ. ಶತ್ರುವಿನಲ್ಲಿ ಉಳಿದಿರುವ ಜೀವವನ್ನು ಎಣಿಸುವ ಪ್ರಾಣಾಂಕ ಸ್ಲೈಮ್‌ಗೆ ಇರುವುದು ಕೇವಲ 3; ಕೊಂದರೆ ದಕ್ಕುವ ಅನುಭವಾಂಕ, ಎಂದರೆ ಕಾದಾಟದಿಂದ ಗಳಿಸಿ ಕೂಡಿಡುವ ಪಳಗಿಕೆಯ ಅಳತೆ, ಬರೀ 1. ಒಂದನೆಯ ಮಟ್ಟದಿಂದ ಎರಡನೆಯ ಮಟ್ಟಕ್ಕೆ ಏರಲು ಬೇಕಾದದ್ದು 7 ಅನುಭವಾಂಕ. ಎಂದರೆ ಏಳು ಸ್ಲೈಮ್‌ಗಳನ್ನು ಗೆದ್ದರೆ ಒಂದು ಸಣ್ಣ ರಾಗ ಮೊಳಗುತ್ತದೆ, ನಾಯಕನ ಬಲ ಒಂದಿಷ್ಟು ಏರುತ್ತದೆ, ಪ್ರಾಣಾಂಕ ಹಿಗ್ಗುತ್ತದೆ, ಮತ್ತು ಅಷ್ಟರವರೆಗೆ ಎರಡೆರಡು ಏಟು ಬೇಡುತ್ತಿದ್ದ ಅದೇ ಹನಿ ಒಂದೇ ಏಟಿಗೆ ಉರುಳತೊಡಗುತ್ತದೆ.

ಈ ಸಣ್ಣ ಲೆಕ್ಕದಲ್ಲಿ ಪಾತ್ರಧಾರಣೆಯ ಆಟದ ತತ್ತ್ವವೆಲ್ಲ ಅಡಗಿದೆ. ಆಟಗಾರನ ಕೈಚಳಕ ಬದಲಾಗಿಲ್ಲ, ಶತ್ರು ಬದಲಾಗಿಲ್ಲ, ತಾಳ್ಮೆಯಿಂದ ಕೂಡಿಟ್ಟ ಅಂಕಗಳು ಮಾತ್ರ ನಾಯಕನನ್ನು ಬೆಳೆಸಿವೆ. ಈ ಬೆಳವಣಿಗೆ ಕಣ್ಣಿಗೆ ಕಾಣಬೇಕಾದರೆ ಬದಲಾಗದೆ ನಿಂತ ಒಂದು ಅಳತೆಗೋಲು ಬೇಕು, ಸ್ಲೈಮ್ ಆ ಅಳತೆಗೋಲು. ಅದು ಆಟಗಾರನಿಗೆ ಬೆಳೆಯುವುದೆಂದರೇನೆಂದು ಮೊದಲು ತೋರಿಸಿಕೊಟ್ಟದ್ದು, ಅದೂ ಅವನು ತೀರ ಬಲಹೀನನಾಗಿದ್ದ ಗಳಿಗೆಯಲ್ಲಿ. ನಾಯಕನೂ ಬಡವ, ಶತ್ರುವೂ ಬಡವ. ಮಹಾರಾಕ್ಷಸರನ್ನು ಆಟಗಾರ ಒಮ್ಮೆ ಎದುರಿಸಿ ಮರೆಯುತ್ತಾನೆ, ಅವರ ಹತ್ತಿರಕ್ಕೆ ತಲುಪದೆ ಆಟ ಬಿಟ್ಟವರೂ ಎಷ್ಟೋ ಮಂದಿ. ಆದರೆ ಆಟವನ್ನು ಒಂದೇ ಗಂಟೆ ಆಡಿದವನಿಗೂ, ಪೂರ್ತಿ ಮುಗಿಸಿದವನಿಗೂ, ತಮ್ಮನ ಹೆಗಲ ಹಿಂದೆ ಕುಳಿತು ನೋಡಿದ ಅಕ್ಕನಿಗೂ ಸ್ಲೈಮ್ ಗೊತ್ತು. ಮೂರನೆಯ ಆಟ 1988ರ ಫೆಬ್ರವರಿಯಲ್ಲಿ ಬಂದಾಗ ಅಂಗಡಿಗಳ ಮುಂದೆ ಉದ್ದುದ್ದ ಸಾಲು ನಿಂತದ್ದು, ಮಕ್ಕಳು ಶಾಲೆ ತಪ್ಪಿಸಿ ಸಾಲಿನಲ್ಲಿ ನಿಂತದ್ದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಇಡೀ ಒಂದು ತಲೆಮಾರಿನ ಬಾಲ್ಯಕ್ಕೆ ಸಮಾನವಾದ ಮೊದಲ ಎದುರಾಳಿಯೊಂದು ಹೀಗೆ ದೊರೆಯಿತು. ಲಾಂಛನಕ್ಕೆ ಬೇಕಾದ ಮೂಲಬಂಡವಾಳ ಇದೇ, ಎಲ್ಲರಿಗೂ ಸೇರಿದ ನೆನಪು. ಮುದ್ದುಮುಖ ಆ ನೆನಪಿಗೆ ಹಿಡಿಕೆಯಷ್ಟೇ.

ಮೆಟಲ್ ಸ್ಲೈಮ್‌ನ ಕತೆ ಇದಕ್ಕೆ ಮತ್ತೊಂದು ಮಗ್ಗುಲನ್ನು ಸೇರಿಸಿತು. ನೋಡಲು ಅದೇ ಹನಿ, ಆದರೆ ಅದರ ಮೈಗೆ ಕತ್ತಿ ತಾಗುವುದೇ ಅಪರೂಪ, ತಾಗುವ ಮೊದಲೇ ಅದು ಓಡಿಹೋಗುತ್ತದೆ, ಹೇಗೋ ಕೊಂದರೆ ನೂರಕ್ಕೂ ಮಿಕ್ಕಿ ಅನುಭವಾಂಕ. ಅತಿ ಅಗ್ಗದ ಜೀವಿಯ ರೂಪದಲ್ಲೇ ಅತಿ ಬೆಲೆಬಾಳುವ ಜೀವಿಯನ್ನು ಅಡಗಿಸಿದ ಈ ಏರ್ಪಾಟು ಆಟಗಾರರ ಹಸಿವನ್ನು ಅರಿತು ಮಾಡಿದ್ದು. ಅದು ಕಣ್ಣಿಗೆ ಬಿದ್ದಾಗಿನ ಸಂಭ್ರಮ, ಕೊನೆಯ ಏಟಿಗೆ ಮುಂಚೆ ತಪ್ಪಿಸಿಕೊಂಡಾಗಿನ ಹತಾಶೆ ಇವು ಸರಣಿಯ ಆಟಗಾರರು ಇಂದಿಗೂ ಪರಸ್ಪರ ಹೇಳಿಕೊಳ್ಳುವ ಮಾತುಗಳು.

ಆ ಬಳಿಕದ ಆಟಗಳಲ್ಲಿ ಹೊರಿಯಿ ಬಳಗ ಮಾಡಿದ ಅತ್ಯಂತ ವಿವೇಕದ ಕೆಲಸವೆಂದರೆ ಜನಪ್ರಿಯವಾದ ಸ್ಲೈಮ್‌ಗೆ ಬಲ ತುಂಬಿ ಕೆಡಿಸದಿದ್ದದ್ದು. ನೀಲಿ ಸ್ಲೈಮ್ ಹೊಸ ಆಟ ಬಂದಾಗಲೆಲ್ಲ ಮೊದಲ ಬಯಲಿನಲ್ಲೇ ಉಳಿಯಿತು. ಹೊಸತನವನ್ನೆಲ್ಲ ಬಂಧುಬಳಗಕ್ಕೆ ಹಂಚಲಾಯಿತು. 1987ರ ಎರಡನೆಯ ಆಟದಲ್ಲಿ ಜೆಲ್ಲಿಮೀನಿನಂತೆ ಬಳ್ಳಿಗಾಲುಗಳುಳ್ಳ, ಗಾಯ ಮಾಯಿಸುವ ಮಂತ್ರ ಬಲ್ಲ ಹೊಯಿಮಿ ಸ್ಲೈಮ್ ಬಂತು. 1990ರ ನಾಲ್ಕನೆಯದರಲ್ಲಿ ಎಂಟು ಸ್ಲೈಮ್‌ಗಳು ಒಂದರ ಮೇಲೊಂದು ಬಿದ್ದು ಕರಗಿ ಕಿರೀಟ ತೊಟ್ಟ ಕಿಂಗ್ ಸ್ಲೈಮ್ ಆಗುವುದನ್ನು ಆಟಗಾರರು ಕಣ್ಣಾರೆ ಕಂಡರು. ಅದೇ ಆಟದ ಮೊದಲ ಅಧ್ಯಾಯದಲ್ಲಿ ಇನ್ನೂ ಮನಮುಟ್ಟುವ ಸಂಗತಿಯೊಂದಿದೆ: ಕಾಣೆಯಾದ ಮಕ್ಕಳನ್ನು ಹುಡುಕಿ ಹೊರಟ ಸೈನಿಕನೊಬ್ಬನಿಗೆ ಹೊಯಿಮಿನ್ ಎಂಬ ಹೊಯಿಮಿ ಸ್ಲೈಮ್ ಎದುರಾಗುತ್ತದೆ, ತನಗೆ ಮನುಷ್ಯನಾಗುವ ಆಸೆ, ಮನುಷ್ಯರ ಜೊತೆಗಿದ್ದರೆ ಅದು ಕೈಗೂಡಬಹುದು ಎಂದು ಹೇಳಿಕೊಂಡು ಅವನ ಜೊತೆಗೂಡುತ್ತದೆ. ಸೈನಿಕ ಒಂಟಿ, ಅವನಿಗೆ ಮಂತ್ರಗಳೂ ಬಾರವು. ಅವನ ಗಾಯಗಳನ್ನು ಮಾಯಿಸುತ್ತ ಹಿಂದೆ ಬರುವ ಈ ಪುಟ್ಟ ರಾಕ್ಷಸನಿಲ್ಲದೆ ಅಧ್ಯಾಯ ಮುಗಿಸುವುದು ಕಷ್ಟ. ಕತೆಯ ಮುಂದಿನ ಭಾಗದಲ್ಲಿ ಹೊಯಿಮಿನ್ ನಿಜಕ್ಕೂ ಮನುಷ್ಯನಾಗಿ ಕಾಣಿಸಿಕೊಳ್ಳುತ್ತದೆ. ಶತ್ರುವಿನ ಪಾಳೆಯದ ಜೀವಿಯೊಂದಕ್ಕೆ ಆಸೆಯನ್ನೂ ಉಪಕಾರಬುದ್ಧಿಯನ್ನೂ ಕೊಟ್ಟ ಈ ಪ್ರಸಂಗ ಸ್ಲೈಮ್‌ನ ಚರಿತ್ರೆಯಲ್ಲಿ ದೊಡ್ಡ ತಿರುವೆಂದು ಹೇಳಬೇಕು.

1992ರ ಐದನೆಯ ಆಟ ಈ ಎಳೆಯನ್ನು ಆಟದ ನಿಯಮವನ್ನಾಗಿಯೇ ಮಾಡಿತು. ಅಲ್ಲಿ ಸೋಲಿಸಿದ ರಾಕ್ಷಸರು ಕೆಲವೊಮ್ಮೆ ಎದ್ದು ನಿಂತು ಜೊತೆಗೆ ಬರಲು ಬಯಸುತ್ತಾರೆ, ಸ್ಲೈಮ್ ಕೂಡ. ಸುರಾರಿನ್ ಎಂಬ ಹೆಸರಿನಿಂದ ಬಳಗಕ್ಕೆ ಸೇರುವ ಆ ಸ್ಲೈಮ್ ಆರಂಭದಲ್ಲಿ ಯಾವ ಕೆಲಸಕ್ಕೂ ಬಾರದು. ಬಹಳಷ್ಟು ಮಂದಿ ಅದನ್ನು ಬಂಡಿಯಲ್ಲಿ ಕೂರಿಸಿ ಮರೆಯುತ್ತಾರೆ. ಆದರೆ ನೂರಾರು ಕಾದಾಟಗಳಲ್ಲಿ ಬೇಸರಿಸದೆ ಅದನ್ನು ಬೆಳೆಸುತ್ತ ಕೊನೆಯ ಮಟ್ಟವಾದ 99ಕ್ಕೆ ಮುಟ್ಟಿಸಿದವನಿಗೆ ಅದು ಮಹಾಡ್ರ್ಯಾಗನ್ನುಗಳು ಮಾತ್ರ ಉಗುಳಬಲ್ಲ ಉರಿಯನ್ನು ಉಗುಳಿ ತೋರಿಸುತ್ತದೆ. ಆಟ ಗೆಲ್ಲಲು ಇದು ಬೇಕಿಲ್ಲ, ಆಟ ಮುಗಿಯುವ ಹೊತ್ತಿಗೆ ಆ ಮಟ್ಟ ತಲುಪುವುದೂ ಅಸಂಭವ. ಪ್ರೀತಿಯಿಂದ ಮಾತ್ರ ಮಾಡಬಹುದಾದ ಕೆಲಸಕ್ಕೆ ಪ್ರೀತಿಯಿಂದಲೇ ಇಟ್ಟ ಬಹುಮಾನ ಅದು. 1998ರಲ್ಲಿ ಗೇಮ್‌ಬಾಯ್ ಎಂಬ ಕೈಯಲ್ಲಿ ಹಿಡಿದಾಡುವ ಯಂತ್ರಕ್ಕೆ ಬಂದ ‘ಡ್ರ್ಯಾಗನ್ ಕ್ವೆಸ್ಟ್ ಮಾನ್ಸ್ಟರ್ಸ್’ನಲ್ಲಿ ಸ್ಲೈಮ್‌ಗಳಿಗೆಂದೇ ಒಂದು ಕುಲ ಮೀಸಲಾಯಿತು, 2003ರಿಂದ ‘ಸ್ಲೈಮ್ ಮೊರಿಮೊರಿ’ ಎಂಬ ಬೇರೆಯೇ ಸರಣಿಯಲ್ಲಿ ಅದು ನಾಯಕನೂ ಆಯಿತು.

ವ್ಯಾಪಾರ ಈ ಪ್ರೀತಿಯ ಹಿಂದೆ ಬಂದದ್ದೇ ಹೊರತು ಮುಂದೆ ನಡೆದದ್ದಲ್ಲ. ಎನಿಕ್ಸ್ ಕಂಪನಿ 2003ರ ಏಪ್ರಿಲಿನಲ್ಲಿ ತನ್ನ ಹಳೆಯ ಪ್ರತಿಸ್ಪರ್ಧಿ ಸ್ಕ್ವೇರ್ ಜೊತೆ ವಿಲೀನವಾಗಿ ಸ್ಕ್ವೇರ್ ಎನಿಕ್ಸ್ ಆಯಿತು; 2004ರಲ್ಲಿ ಎಂಟನೆಯ ಆಟದ ಸಮಯಕ್ಕೆ ಹೋರಿ ಎಂಬ ಕಂಪನಿ ಪ್ಲೇಸ್ಟೇಷನ್ 2 ಯಂತ್ರಕ್ಕೆ ಸ್ಲೈಮ್‌ನ ಆಕಾರದಲ್ಲೇ ನಿಯಂತ್ರಕವನ್ನು ಮಾಡಿ ಮಾರಿತು, ಗುಂಡಿಗಳೆಲ್ಲ ಹನಿಯ ತಳದಲ್ಲಿ ಅಡಗಿರುವಂತೆ. ಸರಣಿಗೆ 25 ತುಂಬಿದ 2011ರಲ್ಲಿ ಫ್ಯಾಮಿಲಿಮಾರ್ಟ್ ಅಂಗಡಿಗಳಲ್ಲಿ ಹಬೆಯಲ್ಲಿ ಬೆಂದ ನೀಲಿ ಬಣ್ಣದ ಸ್ಲೈಮ್ ಬನ್ನುಗಳು ಮಾರಾಟಕ್ಕೆ ಬಂದವು. ಮೆತ್ತೆ, ಗೊಂಬೆ, ಬಟ್ಟಲು, ದೀಪ ಹೀಗೆ ಆ ಆಕಾರಕ್ಕೆ ಒಗ್ಗದ ವಸ್ತುವೇ ಇಲ್ಲ ಎನ್ನಬಹುದು, ಏಕೆಂದರೆ ಕೈಕಾಲಿಲ್ಲದ ಜೀವಿಯನ್ನು ಯಾವ ವಸ್ತುವಿಗೆ ಅಳವಡಿಸಿದರೂ ಅದು ಊನವಾಗುವುದಿಲ್ಲ. ಹೊರಿಯಿ ಅವರ ಹುಟ್ಟೂರಿನ ಅವಾಜಿ ದ್ವೀಪದಲ್ಲೇ 2021ರಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ನ ಆಟದ ಉದ್ಯಾನವೂ ತೆರೆಯಿತು.

ಪೋಕೆಮಾನ್ ಸರಣಿಯ ಪಿಕಾಚುವಿನೊಂದಿಗೆ ಹೋಲಿಸಿದರೆ ದಾರಿಗಳ ಭೇದ ತಿಳಿಯುತ್ತದೆ. ಅತ್ಸುಕೊ ನಿಶಿದಾ ರೂಪಿಸಿದ ಪಿಕಾಚು 1996ರ ಮೊದಲ ಆಟಗಳಲ್ಲಿ ಕಾಡಿನಲ್ಲಿ ಅಪರೂಪಕ್ಕೆ ಸಿಗುವ, 150ಕ್ಕೂ ಹೆಚ್ಚು ಜೀವಿಗಳ ನಡುವೆ 25ನೆಯ ಸಂಖ್ಯೆಯ ಒಂದು ಜೀವಿ. 1997ರ ಏಪ್ರಿಲ್ 1ರಂದು ಟೀವಿ ಧಾರಾವಾಹಿ ಶುರುವಾಗಿ ಅದನ್ನು ನಾಯಕ ಹುಡುಗನ ಸಂಗಾತಿಯನ್ನಾಗಿ ಮಾಡಿದ ಮೇಲೆ, ಇಕುಎ ಒತಾನಿ ಅವರ ಕಂಠ ಅದಕ್ಕೆ ಸೇರಿದ ಮೇಲೆ, ಅದು ಸರಣಿಯ ಮುಖವಾಯಿತು, ಮರುವರ್ಷ ಅದಕ್ಕಾಗಿಯೇ ಹಳದಿ ಹೆಸರಿನ ಆಟವೊಂದನ್ನು ಹೊರತರಲಾಯಿತು. ಪಿಕಾಚುವಿಗೆ ಆಟದ ಹೊರಗಿನ ಕತೆ ಪಟ್ಟ ಕಟ್ಟಿತು, ಟೀವಿ ತಲುಪಿದಲ್ಲೆಲ್ಲ ಆ ಪಟ್ಟವೂ ತಲುಪಿತು. ಭಾರತದ ಮಕ್ಕಳಿಗೆ ಪಿಕಾಚು ಗೊತ್ತಾದದ್ದೂ ಹಾಗೆಯೇ, ಆಟವನ್ನು ಮುಟ್ಟದೆಯೇ. ಸ್ಲೈಮ್‌ನ ಪ್ರೀತಿ ಆಟವಾಡಿದ ಕೈಗಳಿಂದ ಬಂದದ್ದರಿಂದ ಆಟ ತಲುಪದ ಕಡೆಗೆ ಅದೂ ತಲುಪಲಿಲ್ಲ.

ಅಮೆರಿಕದಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಮೊದಲ ಆಟ ಅಲ್ಲಿ 1989ರಲ್ಲಿ ‘ಡ್ರ್ಯಾಗನ್ ವಾರಿಯರ್’ ಎಂಬ ಬೇರೆ ಹೆಸರಿನಿಂದ, ತೊರಿಯಾಮಾ ಅವರ ಚಿತ್ರಗಳ ಬದಲು ಪಾಶ್ಚಾತ್ಯ ವೀರಗಾಥೆಗಳ ಶೈಲಿಯ ಗಂಭೀರ ಮುಖಪುಟದೊಂದಿಗೆ ಬಂತು; ನಿಂಟೆಂಡೊ ತನ್ನ ಪತ್ರಿಕೆಯ ಚಂದಾದಾರರಿಗೆ ಅದನ್ನು ಉಚಿತವಾಗಿ ಹಂಚಿದರೂ ಜಪಾನಿನ ಉನ್ಮಾದ ಅಲ್ಲಿ ಮರುಕಳಿಸಲಿಲ್ಲ, ಐದು ಮತ್ತು ಆರನೆಯ ಆಟಗಳಂತೂ ಬಹುಕಾಲ ಆ ದಡ ಸೇರಲೇ ಇಲ್ಲ. ಆಟದೊಳಗೆ ಸ್ಲೈಮ್ ಅದೇ ನಗುವಿನೊಂದಿಗೆ ಇತ್ತು, ಅದೇ 3 ಪ್ರಾಣಾಂಕ, ಅದೇ ನೀಲಿ. ಮುಖವೊಂದೇ ಸಾಕಾಗಿದ್ದರೆ ಅಲ್ಲೂ ಅದು ಗೆಲ್ಲಬೇಕಿತ್ತು. ಹಾಗಾಗದಿರಲು ಕಾರಣ, ಅಲ್ಲಿ ಅದರ ಸುತ್ತ ಒಂದು ತಲೆಮಾರು ಒಟ್ಟಿಗೆ ಕಲೆಯಲಿಲ್ಲ, ಪತ್ರಿಕೆಯಲ್ಲಿ ವಾರವಾರವೂ ಅದರ ಮಾತು ಬರಲಿಲ್ಲ, ತರಗತಿಯಲ್ಲಿ ಪಕ್ಕದವನಿಗೂ ಅದೇ ಹನಿ ಎದುರಾಗಿರಲಿಲ್ಲ. ಮೂಲ ಹೆಸರು ಅಮೆರಿಕದ ಅಂಗಡಿಗಳಿಗೆ ಮರಳಿದ್ದು 2005ರಲ್ಲಿ, ಎಂಟನೆಯ ಆಟದೊಂದಿಗೆ.

ಜಪಾನಿನಲ್ಲಿ ಮಾತ್ರ ಸ್ಲೈಮ್ ತನ್ನ ಸರಣಿಯನ್ನೂ ಮೀರಿ ಬೆಳೆಯಿತು. ಅಲ್ಲಿನ ಕಲ್ಪನಾಲೋಕದ ಕತೆಗಳಲ್ಲಿ ಸ್ಲೈಮ್ ಎಂದರೆ ಅತಿ ದುರ್ಬಲ ಜೀವಿ ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ನೆಲಮಾಳಿಗೆಗಳ ಹಳೆಯ ಲೋಳೆ ಎಷ್ಟು ಭಯಾನಕವಾಗಿತ್ತೆಂದು ನೆನೆದರೆ ಈ ಬದಲಾವಣೆಯ ಪ್ರಮಾಣ ಅರಿವಾಗುತ್ತದೆ. ಫುಸೆ ಎಂಬ ಕಾವ್ಯನಾಮದ ಲೇಖಕರು 2013ರಲ್ಲಿ ಬರೆಯಲಾರಂಭಿಸಿ, 2018ರಲ್ಲಿ ಅನಿಮೆ ಧಾರಾವಾಹಿಯಾಗಿ ಜಗತ್ತಿನೆಲ್ಲೆಡೆ ಹೆಸರಾದ ಕತೆಯಲ್ಲಿ ಸಾಮಾನ್ಯ ನೌಕರನೊಬ್ಬ ಸತ್ತು ಬೇರೆ ಲೋಕದಲ್ಲಿ ರಿಮುರು ಎಂಬ ಸ್ಲೈಮ್ ಆಗಿ ಹುಟ್ಟುತ್ತಾನೆ, ಮತ್ತು ಕತೆಯ ಸ್ವಾರಸ್ಯವೆಲ್ಲ ಅತಿ ಕೀಳೆನಿಸಿದ ಜನ್ಮದಿಂದ ಅವನು ಏರುವ ಎತ್ತರದಲ್ಲಿದೆ. ಅಂತರ್ಜಾಲದಲ್ಲಿ ಅನಿಮೆ ನೋಡುವ ಕನ್ನಡದ ಯುವಕ ಯುವತಿಯರಲ್ಲೂ ಹಲವರಿಗೆ ಸ್ಲೈಮ್ ಎಂಬ ಜೀವಿಯ ಪರಿಚಯವಾದದ್ದು ಈ ಕತೆಯಿಂದ. ಹೊರಿಯಿ ಕಟ್ಟಿದ ಆ ಮೊದಲ ಬಯಲಿನ ಲೆಕ್ಕಾಚಾರದ ಫಲವನ್ನು ಅವರು ಆ ಆಟದ ಹೆಸರು ಕೇಳದೆಯೇ ಉಣ್ಣುತ್ತಿದ್ದಾರೆ.

ಅಕಿರಾ ತೊರಿಯಾಮಾ 2024ರ ಮಾರ್ಚ್ 1ರಂದು ತೀರಿಕೊಂಡರು. ಸರಣಿಯ ಸಂಗೀತ ರಚಿಸಿದ ಕೊಯಿಚಿ ಸುಗಿಯಾಮಾ ಅದಕ್ಕೂ ಮೊದಲೇ, 2021ರಲ್ಲಿ, ಅಗಲಿದ್ದರು. ಅದೇ 2024ರ ನವೆಂಬರಿನಲ್ಲಿ ಮೂರನೆಯ ಆಟ ಹೊಸ ಚಿತ್ರವಿನ್ಯಾಸದೊಂದಿಗೆ ಮರುರಚನೆಯಾಗಿ ಬಂದಾಗ, 36 ವರ್ಷಗಳ ಹಿಂದೆ ಕಿಲೋಬೈಟುಗಳ ಲೆಕ್ಕದಲ್ಲಿ ಬಣ್ಣ ಎಣಿಸಿ ಬರೆದಿದ್ದ ರಾಕ್ಷಸರೆಲ್ಲ ಬೆಳಕು ನೆರಳುಗಳೊಂದಿಗೆ ಕದಲುವಂತಾಗಿದ್ದರು. ಕಲಾವಿದರ ಹೊಸ ತಂಡ ಹಿನ್ನೆಲೆಯ ಹುಲ್ಲನ್ನೂ ನೀರನ್ನೂ ಬೆಟ್ಟಗಳನ್ನೂ ಆಮೂಲಾಗ್ರವಾಗಿ ಬದಲಿಸಿತು. ಸ್ಲೈಮ್‌ನ ಹೊರರೇಖೆಯನ್ನು ಮಾತ್ರ ಅದು ಮುಟ್ಟಲಿಲ್ಲ.